ಎರಡು ಗುಲಗಂಜಿ ತೂಕದ ಕಾಲು ಡಾಲರ್: ಕ್ಯಾಲಿಫೋರ್ನಿಯದ ಪುಟ್ಟ ಖಾಸಗಿ ಚಿನ್ನದ ನಾಣ್ಯಗಳನ್ನು ಸಂಗ್ರಹಿಸುವ ಬಗೆ

ಕ್ಯಾಲಿಫೋರ್ನಿಯದ ಚಿನ್ನದ ಕಾಲು ಡಾಲರ್ ಸುಮಾರು ಕಾಲು ಗ್ರಾಂ ತೂಗುತ್ತದೆ. ನಮ್ಮ ಹಳೆಯ ಲೆಕ್ಕದಲ್ಲಿ ಹೇಳಿದರೆ ಎರಡು ಗುಲಗಂಜಿ. ಅಗಲ ಒಂದು ಸೆಂಟಿಮೀಟರಿನ ಆಸುಪಾಸು, ದಪ್ಪ ಲಗ್ನಪತ್ರಿಕೆಯ ರಟ್ಟಿಗಿಂತ ಕಡಿಮೆ. ಮೈಸೂರಿನ ಕಂಠೀರವ ನರಸರಾಜ ಒಡೆಯರು (1638–1659) ಅಚ್ಚು ಹಾಕಿಸಿದ ‘ಕಂಠೀರಾಯಿ ಹಣ’ ಎಂಬ ಪುಟ್ಟ ಚಿನ್ನದ ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಈ ಗಾತ್ರದ ನಾಣ್ಯದ ಕಷ್ಟಸುಖ ಗೊತ್ತಿರುತ್ತದೆ: ಉಸಿರು ಬಿಟ್ಟರೆ ಸರಿಯುತ್ತದೆ, ಉಗುರು ತಾಗಿದರೆ ಬಾಗುತ್ತದೆ, ಕೆಳಗೆ ಬಿದ್ದರೆ ಸಿಗುವುದಿಲ್ಲ.

ಆದರೆ ಹಣಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಕಂಠೀರಾಯಿ ಹಣವನ್ನು ಹೊರಡಿಸಿದ್ದು ಅರಸ. ಈ ನಾಣ್ಯಗಳನ್ನು ಹೊಡೆದವರು ಸ್ಯಾನ್ ಫ್ರಾನ್ಸಿಸ್ಕೋದ ಆಭರಣದ ಅಂಗಡಿಯವರು. ಯಾವ ಸರ್ಕಾರವೂ ಬೆನ್ನಿಗಿಲ್ಲದ ಕಾರಣ ಇದೇ ರೂಪದ ಬಿಲ್ಲೆ, ಪದಕ, ಪ್ರವಾಸಿ ನೆನಪಿನ ಕಾಣಿಕೆ, ಚಿನ್ನದ ನೀರು ಕುಡಿಸಿದ ಹಿತ್ತಾಳೆ ಎಲ್ಲವೂ ಒಂದೂವರೆ ಶತಮಾನದಿಂದ ಮಾರುಕಟ್ಟೆಯಲ್ಲಿ ಬೆರೆತುಹೋಗಿವೆ. ಅವುಗಳಲ್ಲಿ ಕೆಲವು ಅಪ್ಪಟ ಚಿನ್ನದವೇ. ಹಾಗಾಗಿ ಸಿಕ್ಕಿದ ತುಂಡನ್ನು ಎತ್ತಿಕೊಂಡು ಅಕ್ಕಸಾಲಿಯ ಬಳಿ ಓಡುವುದರಿಂದ ಏನೂ ಇತ್ಯರ್ಥವಾಗುವುದಿಲ್ಲ. ಲೋಹ ಚಿನ್ನ ಎಂದು ಗೊತ್ತಾದರೂ ಅದು ನಾಣ್ಯ ಎಂದು ಗೊತ್ತಾಗುವುದಿಲ್ಲ. ಅದನ್ನು ಹೇಳುವುದು ಅಚ್ಚು ಮಾತ್ರ. ಈ ಲೇಖನದ ಕ್ರಮವೂ ಅದೇ: ಮೊದಲು ಅಕ್ಷರ, ಆಮೇಲೆ ಅಚ್ಚು, ಮುಂದೆ ಗಾಯದ ಗುರುತು, ಕೊನೆಗೆ ಲೋಹ.

ಹುಟ್ಟಿದ್ದು ಹೇಗೆ, ನಿಂತದ್ದು ಯಾವಾಗ

ಇಷ್ಟು ಇತಿಹಾಸ ಗೊತ್ತಿಲ್ಲದಿದ್ದರೆ ನಾಣ್ಯದ ಮೇಲಿನ ಇಸವಿಯನ್ನು ನಂಬಿ ಮೋಸಹೋಗುವಿರಿ. 1848ರ ಜನವರಿ 24ರಂದು ಕೊಲೋಮಾದಲ್ಲಿ, ಸಟರ್ ಎಂಬುವರ ಮರ ಕೊಯ್ಯುವ ಗಿರಣಿಯ ಕಾಲುವೆಯಲ್ಲಿ, ಜೇಮ್ಸ್ ಮಾರ್ಷಲ್‌ಗೆ ಚಿನ್ನ ಕಂಡಿತು. ಮುಂದಿನ ವರ್ಷಗಳಲ್ಲಿ ಲಕ್ಷಾಂತರ ಜನ ನುಗ್ಗಿ ಬಂದರು. ಚಿನ್ನದ ಪುಡಿ ಬೇಕಾದಷ್ಟಿತ್ತು, ಚಿಲ್ಲರೆ ಇರಲಿಲ್ಲ. ಒಂದು ಚಿಟಿಕೆ ಪುಡಿಗೆ ಒಂದು ಡಾಲರ್ ಎಂದು ವ್ಯವಹಾರ ನಡೆಯಿತು. ಹೆಬ್ಬೆರಳು ದಪ್ಪಗಿದ್ದ ಅಂಗಡಿಯವನಿಗೆ ಲಾಭ. ಮೆಕ್ಸಿಕೋದ ರಿಯಾಲ್, ಫ್ರಾನ್ಸಿನ ಫ್ರಾಂಕ್, ಇಂಗ್ಲೆಂಡಿನ ಶಿಲ್ಲಿಂಗ್ ಜೊತೆಗೆ ನಮ್ಮ ಬೆಳ್ಳಿ ರೂಪಾಯಿಯೂ ಅಲ್ಲಿ ಚಲಾವಣೆಯಾಯಿತು. ಸರ್ಕಾರಿ ಟಂಕಸಾಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದದ್ದು 1854ರಲ್ಲಿ, ಅದೂ ಮೊದಲು ದೊಡ್ಡ ನಾಣ್ಯಗಳಿಗೆ ಗಮನ ಕೊಟ್ಟಿತು.

ಆ ಸಂದಿಯಲ್ಲಿ ಆಭರಣ ತಯಾರಕರು, ಅವರಲ್ಲೂ ಬಹುಪಾಲು ಫ್ರೆಂಚರು, 1852ರಿಂದ 25 ಸೆಂಟ್, 50 ಸೆಂಟ್ ಮತ್ತು 1 ಡಾಲರ್‌ನ ಚಿನ್ನದ ತುಂಡುಗಳನ್ನು ಹೊಡೆಯತೊಡಗಿದರು. ಒಂದೊಂದೂ ಎರಡು ಆಕಾರದಲ್ಲಿ: ದುಂಡಗೆ ಮತ್ತು ಎಂಟು ಮೂಲೆಯಾಗಿ. ಎಂಟು ಮೂಲೆ ನೋಡಿದರೆ 1851ರಲ್ಲಿ ಸರ್ಕಾರಿ ಚಿನ್ನ ಪರೀಕ್ಷಕ ಆಗಸ್ಟಸ್ ಹಂಬರ್ಟ್ ಮುದ್ರೆಯೊಂದಿಗೆ ಬಂದ 50 ಡಾಲರ್‌ನ ಭಾರೀ ಎಂಟು ಮೂಲೆಯ ತುಂಡು ನೆನಪಾಗುತ್ತದೆ.

ಲಾಭದ ಲೆಕ್ಕ ಹೀಗಿತ್ತು. ಸರ್ಕಾರಿ ಚಿನ್ನದ ಡಾಲರ್ 1.672 ಗ್ರಾಂ, ಶೇ 90 ಶುದ್ಧ. ಆ ದರದಲ್ಲಿ ಕಾಲು ಡಾಲರ್‌ಗೆ 0.418 ಗ್ರಾಂ ಬೇಕು. ಖಾಸಗಿಯವರ ಕಾಲು ಡಾಲರ್ 0.25 ಗ್ರಾಂ, ಶುದ್ಧತೆ ಶೇ 85 ಎಂದು ಹಿಡಿದರೆ ಒಳಗಿರುವ ಚಿನ್ನದ ಬೆಲೆ ಅಂದಿನ 14 ಸೆಂಟ್. ಉಳಿದದ್ದು ಹೊಡೆದವನ ಜೇಬಿಗೆ. ಚಿಲ್ಲರೆಯ ಬರದಲ್ಲಿ ಜನ ಅದನ್ನೂ ಒಪ್ಪಿಕೊಂಡರು.

1864ರ ಜೂನ್ 8ರಂದು ಅಮೆರಿಕದ ಸಂಸತ್ತು ಖಾಸಗಿ ನಾಣ್ಯಗಳನ್ನು ಕಾನೂನಿನಿಂದ ನಿಷೇಧಿಸಿತು. ಆದರೂ ತಯಾರಿ ನಿಲ್ಲಲಿಲ್ಲ. ಕೈಗಡಿಯಾರದ ಸರಪಳಿಗೆ, ಕಿವಿಗೆ, ನೆನಪಿಗೆಂದು ಇವುಗಳ ಮಾರಾಟ ನಡೆದೇ ಇತ್ತು. ಕಾನೂನಿಗೆ ಹೆದರಿ ಹಲವರು ಹಳೆಯ ಇಸವಿ ಕೆತ್ತಿದರು. ಕೊನೆಗೆ ನಕಲಿ ಹಣ ಹಿಡಿಯುವ ಸರ್ಕಾರಿ ದಳವಾದ ಸೀಕ್ರೆಟ್ ಸರ್ವಿಸ್‌ನವರು 1880ರ ದಶಕದ ಆರಂಭದಲ್ಲಿ ಬಿಗಿಹಿಡಿದ ಮೇಲೆ ಕೈಬಿಟ್ಟರು. ಹೀಗಾಗಿ ಸಂಗ್ರಾಹಕರು ಎರಡು ಕಾಲಘಟ್ಟ ಹೇಳುತ್ತಾರೆ: ಮೊದಲನೆಯದು 1852ರಿಂದ 1857ರ ವರೆಗೆ, ನಿಜವಾಗಿ ಚಿಲ್ಲರೆಯಾಗಿ ಓಡಾಡಿದ್ದು, ಎರಡನೆಯದು 1859ರಿಂದ 1882ರ ವರೆಗೆ, ಹೆಚ್ಚಾಗಿ ನೆನಪಿನ ಕಾಣಿಕೆಯಾಗಿ ಹೋದದ್ದು. ಅದರ ನಂತರ ಬಂದದ್ದೆಲ್ಲ ಬಿಲ್ಲೆ, ಅಂದರೆ ನಾಣ್ಯದಂತೆ ಕಾಣುವ, ನಾಣ್ಯವಲ್ಲದ ತುಂಡು.

ಏನನ್ನು ಸೇರಿಸಬೇಕು ಎಂದು ಮೊದಲೇ ತೀರ್ಮಾನಿಸಿ

ಮುಂಬದಿ, ಹಿಂಬದಿಯ ಅಚ್ಚಿನ ಜೋಡಿಗಳು ನೂರಾರಿವೆ. ಎಲ್ಲ ಬೇಕು ಎಂದು ಹೊರಟವರು ಎರಡನೇ ವರ್ಷಕ್ಕೆ ದಣಿಯುತ್ತಾರೆ.

ಹೊಸಬರಿಗೆ ಸರಿಹೊಂದುವುದು ಆರರ ಗುಂಪು: ಮೂರು ಮೌಲ್ಯ, ಎರಡು ಆಕಾರ. ಇದರಲ್ಲಿ ದುಂಡು ಡಾಲರ್ ಒಂದು ಬಿಟ್ಟರೆ ಉಳಿದ ಐದು ತಾಳ್ಮೆಯಿದ್ದರೆ ಸಿಗುತ್ತವೆ. ದುಂಡು ಡಾಲರ್ ಎರಡೂ ಕಾಲಘಟ್ಟದಲ್ಲಿ ವಿರಳ, ಬೆಲೆಯೂ ಹಾಗೆಯೇ. ಅದಕ್ಕೇ ಕಾದು ಕೂರುವ ಬದಲು ಐದನ್ನು ಮುಗಿಸಿ ಆರನೆಯದರ ಜಾಗ ಖಾಲಿ ಬಿಡುವುದು ಜಾಣತನ. ಡಾಲರ್ ಬೇಕೇಬೇಕು ಎನ್ನುವವರು ಮೊದಲ ಕಾಲಘಟ್ಟದ ಎಂಟು ಮೂಲೆಯ ಡಾಲರ್ ಹುಡುಕಲಿ.

ಚಿತ್ರದ ಮೇಲೆ ಮನಸ್ಸಿದ್ದವರಿಗೆ ಎರಡನೇ ಕಾಲಘಟ್ಟ ಒಳ್ಳೆಯದು. ಲಿಬರ್ಟಿ ದೇವಿಯ ತಲೆ, ಗರಿ ತೊಟ್ಟ ಮೂಲನಿವಾಸಿಯ ತಲೆ, 1872ರ ಕಾಲು ಡಾಲರ್‌ಗಳಲ್ಲಿ ಜಾರ್ಜ್ ವಾಷಿಂಗ್ಟನ್ ತಲೆ. ಮೂರರಲ್ಲಿ ಒಂದೊಂದು ಇಟ್ಟರೂ ಚಂದದ ಪುಟ್ಟ ಸಂಗ್ರಹ. ಹಿಂಬದಿಯಲ್ಲಿ ಸಾಮಾನ್ಯವಾಗಿ ಎಲೆಗಳ ಹಾರ, ಅದರೊಳಗೆ ಮೌಲ್ಯ ಮತ್ತು ಇಸವಿ. ಇತಿಹಾಸವೇ ಮುಖ್ಯ ಎನ್ನುವವರು ಮೊದಲ ಕಾಲಘಟ್ಟದ ಒಂದೇ ಒಂದು ಸವೆದ ಅರ್ಧ ಡಾಲರ್ ಕೊಂಡರೂ ಸಾಕು. ಸವೆತವೇ ಅದು ಕೈಯಿಂದ ಕೈಗೆ ಹೋದದ್ದರ ಗುರುತು. ಹೊಳಪಿಗೆ ಮರುಳಾಗಿ ಅದನ್ನು ಬಿಟ್ಟು ಎರಡನೇ ಕಾಲಘಟ್ಟದ ಮಿರುಗುವ ತುಂಡಿಗೆ ಹೆಚ್ಚು ಕೊಡುವವರೇ ಜಾಸ್ತಿ. ನಮ್ಮ ಮಟ್ಟಿಗೆ ಅದು ತಲೆಕೆಳಗಾದ ಲೆಕ್ಕ.

ಉತ್ತರ ಕ್ಯಾರೊಲಿನಾದ ಬೆಕ್ಟ್ಲರ್ ಮನೆತನದವರು, ಕೊಲೊರಾಡೋದ ಕ್ಲಾರ್ಕ್ ಗ್ರೂಬರ್ ಕಂಪನಿ, ಕ್ಯಾಲಿಫೋರ್ನಿಯದ್ದೇ ಆದ ಮೊಫಾಟ್ ಕಂಪನಿ ಹೊಡೆದ ಖಾಸಗಿ ಚಿನ್ನದ ನಾಣ್ಯಗಳು ಬೇರೆ ವಿಭಾಗ. ಗಾತ್ರವೂ ದೊಡ್ಡದು, ಜೇಬೂ ದೊಡ್ಡದಿರಬೇಕು.

ಕೈಗೆ ಬೇಕಾದ ಸಲಕರಣೆ

ಹತ್ತು ಪಟ್ಟು ಹಿಗ್ಗಿಸುವ ಆಭರಣದವರ ಭೂತಗನ್ನಡಿ, ಅಂದರೆ ಲೂಪ್, ಕಡ್ಡಾಯ. ಇಪ್ಪತ್ತು ಪಟ್ಟಿನ ಯುಎಸ್‌ಬಿ ಸೂಕ್ಷ್ಮದರ್ಶಕವಿದ್ದರೆ ಅಚ್ಚು ಹೋಲಿಸುವ ಕೆಲಸ ಅರ್ಧಕ್ಕಿಳಿಯುತ್ತದೆ. ತಕ್ಕಡಿ 0.001 ಗ್ರಾಂ, ಅಂದರೆ ಒಂದು ಮಿಲಿಗ್ರಾಂ ತೋರಿಸುವಂಥದ್ದೇ ಆಗಬೇಕು; ಅಡುಗೆಮನೆಯದ್ದಾಗಲಿ 0.01 ಗ್ರಾಮಿನದ್ದಾಗಲಿ ಇಲ್ಲಿ ಕೆಲಸಕ್ಕೆ ಬಾರದು. ಅದರ ಜೊತೆ ಬರುವ ತೂಕದ ಬೊಟ್ಟನ್ನು ಕಳೆಯಬೇಡಿ, ಪ್ರತಿಸಲ ತೂಗುವ ಮುನ್ನ ತಕ್ಕಡಿಯನ್ನು ಅದರಿಂದ ಸರಿಪಡಿಸಿಕೊಳ್ಳಬೇಕು. ಅಳತೆಗೆ ಪ್ಲಾಸ್ಟಿಕ್ ದವಡೆಯ ಕ್ಯಾಲಿಪರ್ ಇರಲಿ, ಉಕ್ಕಿನದು ಅಂಚನ್ನು ಗೀರುತ್ತದೆ. ತುದಿಗೆ ರಬ್ಬರಿಲ್ಲದ, ನುಣುಪಾದ ಪ್ಲಾಸ್ಟಿಕ್ ಚಿಮಟ ಒಂದು. ಮತ್ತೆ ಅಂಚು ಎತ್ತರವಿರುವ ಊಟದ ತಟ್ಟೆ, ಅದರೊಳಗೆ ದಪ್ಪ ಹತ್ತಿಬಟ್ಟೆ. ಈ ತಟ್ಟೆಯ ಮೇಲೆ ಹೊರತು ಬೇರೆಲ್ಲೂ ನಾಣ್ಯವನ್ನು ಹೊರತೆಗೆಯಬಾರದು. ಟೈಲ್ಸ್ ನೆಲಕ್ಕೆ ಬಿದ್ದ ಕಾಲು ಡಾಲರ್ ಎರಡು ಸಲ ಪುಟಿದು ಮಂಚದ ಕೆಳಗೆ ಹೋದರೆ ಮರುದಿನದ ಕಸದ ಜೊತೆ ಹೊರಟುಹೋಗುತ್ತದೆ.

ಮೊದಲ ಪರೀಕ್ಷೆ: ಅಕ್ಷರ

ನಾಣ್ಯವೆಂದರೆ ತನ್ನ ಬೆಲೆಯನ್ನು ತಾನೇ ಹೇಳಬೇಕು. ಆದ್ದರಿಂದ ಲೂಪ್ ಹಿಡಿದು ಮೊದಲು ಹುಡುಕಬೇಕಾದದ್ದು ‘ಡಾಲರ್’ ಅಥವಾ ‘ಸೆಂಟ್ಸ್’ ಎಂಬ ಪದ. ಪೂರ್ತಿ ಪದವೇ ಇರಬೇಕೆಂದಿಲ್ಲ. ಜಾಗವಿಲ್ಲದೆ ‘ಡಾಲ್’ ಎಂದೋ ಬರೀ ‘ಡಿ’ ಅಕ್ಷರವೆಂದೋ ಮೊಟಕುಗೊಳಿಸಿದ್ದೂ ಉಂಟು. ಬರೀ 1/4, 1/2 ಅಥವಾ 1 ಎಂಬ ಅಂಕಿ ಇದ್ದು ಪಕ್ಕದಲ್ಲಿ ಏನೂ ಇಲ್ಲದಿದ್ದರೆ ಅದು ಬಿಲ್ಲೆ. ಸೀಕ್ರೆಟ್ ಸರ್ವಿಸ್‌ನ ಕಣ್ಣು ತಪ್ಪಿಸಲು ಆನಂತರದ ತಯಾರಕರು ಬಿಟ್ಟುಬಿಟ್ಟದ್ದು ಈ ಪದವನ್ನೇ. ‘ಕ್ಯಾಲಿಫೋರ್ನಿಯ ಗೋಲ್ಡ್’ ಎಂದು ದೊಡ್ಡದಾಗಿ ಬರೆದಿದ್ದರೆ ಅದು ಪುರಾವೆಯಲ್ಲ. ಅಸಲಿಯಲ್ಲೂ ಇರುತ್ತದೆ, ನಕಲಿಯಲ್ಲೂ ಇರುತ್ತದೆ. ‘ಚಾರ್ಮ್’ ಎಂದಿದ್ದರೆ ಮಾತೇ ಇಲ್ಲ, ಅದು ಸರಕ್ಕೆ ತೂಗಿಸುವ ಬಿಲ್ಲೆ.

ಆಮೇಲೆ ಕರಡಿ. ಹಿಂಬದಿಯ ನಡುವೆ ಕರಡಿಯೊಂದು ನಿಂತಿದ್ದರೆ ಅಥವಾ ನಡೆಯುತ್ತಿದ್ದರೆ ತುಂಡನ್ನು ವಾಪಸು ಕೊಟ್ಟು ಮನೆಗೆ ಬನ್ನಿ. ಕ್ಯಾಲಿಫೋರ್ನಿಯದ ಧ್ವಜದ ಕರಡಿ ಪ್ರವಾಸಿಗರಿಗೆ ಪ್ರಿಯ, ಹಾಗಾಗಿ ಕಾಣಿಕೆ ಮಾಡುವವರಿಗೂ ಪ್ರಿಯ. ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಕಾಣಿಸುವ ಚಿನ್ನದ ನೀರಿನ ಹಿತ್ತಾಳೆ ತುಂಡುಗಳಲ್ಲಿ ಇದೇ ಕರಡಿ. ಮಿನರ್ವಾ ದೇವಿ ಕುಳಿತಿರುವ ರಾಜ್ಯಲಾಂಛನ ಹೊತ್ತ ಅರ್ಧ ಡಾಲರ್‌ಗಳು ಬೇರೆ. ಅಲ್ಲಿ ಮುಖ್ಯ ದೇವಿ, ಕರಡಿಯಲ್ಲ.

1973ರ ಅಮೆರಿಕದ ಹವ್ಯಾಸ ರಕ್ಷಣಾ ಕಾನೂನಿನ ಪ್ರಕಾರ ನಕಲು ನಾಣ್ಯದ ಮೇಲೆ ‘ಕಾಪಿ’ ಎಂದು ಅಚ್ಚಾಗಿರಬೇಕು. ಅದಕ್ಕೂ ಮೊದಲೇ ಮಾಡಿದವುಗಳಲ್ಲಿ, ಕಾನೂನು ಮೀರಿ ಮಾಡಿದವುಗಳಲ್ಲಿ ಈ ಪದ ಇರುವುದಿಲ್ಲ. ಇಲ್ಲ ಎಂಬುದನ್ನೇ ಅಸಲಿತನಕ್ಕೆ ಸಾಕ್ಷಿ ಮಾಡಿಕೊಳ್ಳಬೇಡಿ.

ಎರಡನೇ ಪರೀಕ್ಷೆ: ಅಚ್ಚು

ಇದೇ ನಿಜವಾದ ಕೆಲಸ. ಈ ವಿಭಾಗದ ಎಲ್ಲ ಅಸಲಿ ನಾಣ್ಯಗಳಿಗೂ ವಾಲ್ಟರ್ ಬ್ರೀನ್ ಮತ್ತು ರೊನಾಲ್ಡ್ ಗಿಲಿಯೋ 1983ರಲ್ಲಿ ಪ್ರಕಟಿಸಿದ ಪಟ್ಟಿಯ ಸಂಖ್ಯೆ ಇದೆ. 2003ರಲ್ಲಿ ಅದರ ಪರಿಷ್ಕೃತ ಆವೃತ್ತಿ ಬಂತು. ಇಬ್ಬರ ಹೆಸರಿನ ಮೊದಲಕ್ಷರ ಸೇರಿಸಿ ‘ಬಿಜಿ ಸಂಖ್ಯೆ’ ಎನ್ನುತ್ತಾರೆ. ಒಂದು ಮುಂಬದಿಯ ಅಚ್ಚು, ಒಂದು ಹಿಂಬದಿಯ ಅಚ್ಚು, ಆ ಜೋಡಿಗೆ ಒಂದು ಸಂಖ್ಯೆ. ಸಂಖ್ಯೆಯ ಆರಂಭದ ಅಂಕಿ ನೋಡಿದರೇ ಜಾತಿ ತಿಳಿಯುತ್ತದೆ, ಇದನ್ನು ಬಾಯಿಪಾಠ ಮಾಡಿಕೊಳ್ಳಿ:

ಮೊದಲ ಕಾಲಘಟ್ಟದಲ್ಲಿ 100ರ ಸಾಲು ಎಂಟು ಮೂಲೆಯ ಕಾಲು, 200 ದುಂಡು ಕಾಲು, 300 ಎಂಟು ಮೂಲೆಯ ಅರ್ಧ, 400 ದುಂಡು ಅರ್ಧ, 500 ಎಂಟು ಮೂಲೆಯ ಡಾಲರ್, 600 ದುಂಡು ಡಾಲರ್. ಎರಡನೇ ಕಾಲಘಟ್ಟದಲ್ಲಿ ಅದೇ ಕ್ರಮ 700ರಿಂದ ಮುಂದುವರಿದು 1200ಕ್ಕೆ ಮುಗಿಯುತ್ತದೆ. 1872ರ ವಾಷಿಂಗ್ಟನ್ ಕಾಲು ಡಾಲರ್ ಎಂಟು ಮೂಲೆಯಾದರೆ 722, ದುಂಡಗಾದರೆ 818. ಮಾರುವವನು ದುಂಡು ಅರ್ಧ ಡಾಲರ್ ಕೈಗಿಟ್ಟು 700ರ ಸಂಖ್ಯೆ ಹೇಳಿದರೆ ಅವನಿಗೆ ವಿಷಯ ಗೊತ್ತಿಲ್ಲ ಅಥವಾ ನಿಮಗೆ ಗೊತ್ತಿಲ್ಲವೆಂದು ಅವನು ತಿಳಿದಿದ್ದಾನೆ.

ಹೋಲಿಸುವುದು ಹೀಗೆ. ಮೌಲ್ಯ, ಆಕಾರ, ಇಸವಿ ಮೂರನ್ನು ಬರೆದುಕೊಳ್ಳಿ. ಇಸವಿ ಇಲ್ಲದ ತುಂಡುಗಳೂ ಇವೆ. ನಾಣ್ಯಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ಪಿಸಿಜಿಎಸ್ ಸಂಸ್ಥೆಯ ಜಾಲತಾಣದ ನಾಣ್ಯಕೋಶದಲ್ಲಿ ಅಥವಾ ದೊಡ್ಡ ಹರಾಜು ಸಂಸ್ಥೆಗಳ ಹಳೆಯ ಮಾರಾಟದ ಪುಟಗಳಲ್ಲಿ ಆ ಗುಂಪಿನ ಬಿಜಿ ಸಂಖ್ಯೆಗಳ ಚಿತ್ರಗಳನ್ನು ತೆರೆಯಿರಿ. ತಲೆಯ ಸುತ್ತ ನಕ್ಷತ್ರ ಎಷ್ಟು, ಎಡಕ್ಕೆಷ್ಟು ಬಲಕ್ಕೆಷ್ಟು ಎಣಿಸಿ. ಕತ್ತಿನ ತುದಿ ಯಾವ ನಕ್ಷತ್ರದ ನೇರಕ್ಕಿದೆ, ಕಿರೀಟದ ತುದಿ ಯಾವ ನಕ್ಷತ್ರದತ್ತ ಚಾಚಿದೆ ನೋಡಿ. ಕತ್ತಿನ ಕೆಳಗೆ ಜಿ, ಎಲ್, ಎನ್, ಎಫ್‌ಡಿಯಂಥ ಅಕ್ಷರವಿದೆಯೇ ಹುಡುಕಿ. ಅದು ತಯಾರಕನ ಗುರುತು. ಎನ್ ಎಂದರೆ ನುವಿಜಿಯೆ, ಎಫ್‌ಡಿ ಎಂದರೆ ಫ್ರಾಂಟಿಯೆ ಮತ್ತು ದೆವಿಯರ್ಸಿ. ಹಿಂಬದಿಗೆ ತಿರುಗಿಸಿ. ಹಾರದ ಗಂಟು ಹೇಗಿದೆ, ಹಣ್ಣುಗಳೆಷ್ಟು, ಎಲೆಯ ತುದಿ ಇಸವಿಯ ಯಾವ ಅಂಕಿಯ ಎದುರಿಗಿದೆ, ಭಿನ್ನರಾಶಿಯ ಗೆರೆ ಓರೆಯೋ ನೇರವೋ ಗಮನಿಸಿ.

ಇಲ್ಲಿ ಆಗುವ ತಪ್ಪು ಒಂದೇ: ಚಿತ್ರ ‘ಹೆಚ್ಚುಕಡಿಮೆ ಅದೇ’ ಎಂದು ಒಪ್ಪಿಕೊಳ್ಳುವುದು. ಒಂದು ಅಚ್ಚಿನಿಂದ ಬಂದ ಎರಡು ತುಂಡುಗಳಲ್ಲಿ ನಕ್ಷತ್ರ ಜಾಗ ಬದಲಿಸುವುದಿಲ್ಲ. ಸವೆತದಿಂದ ಕಾಣದೇ ಹೋಗಬಹುದು, ಏಟು ಬಲವಾಗಿ ಬೀಳದೆ ಮಸುಕಾಗಬಹುದು, ಆದರೆ ಸರಿಯುವುದಿಲ್ಲ. ಐದು ಗುರುತು ಹೊಂದಿ ಆರನೆಯದು ಹೊಂದದಿದ್ದರೆ ಅದು ಬೇರೆ ಅಚ್ಚು. ಪಟ್ಟಿಯ ಯಾವ ಅಚ್ಚಿಗೂ ಹೊಂದದಿದ್ದರೆ ಹೊಸ ಶೋಧ ಸಿಕ್ಕಿತೆಂದು ಕುಣಿಯಬೇಡಿ. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ಬಿಲ್ಲೆ.

1853ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯ ಕರಾವಳಿಯ ಅನಕಾಪಾ ದ್ವೀಪದ ಬಂಡೆಗೆ ಬಡಿದು ಮುಳುಗಿದ ವಿನ್‌ಫೀಲ್ಡ್ ಸ್ಕಾಟ್ ಎಂಬ ಹಡಗಿನ ಅವಶೇಷದಲ್ಲಿ ಇಂಥ ಪುಟ್ಟ ನಾಣ್ಯಗಳು ಸಿಕ್ಕಿವೆ. ಆ ದಿನಕ್ಕೂ ಮೊದಲೇ ಅವು ಜನರ ಜೇಬಿನಲ್ಲಿದ್ದವು ಎನ್ನಲು ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಕೆಲವು ಅಚ್ಚುಗಳ ಕಾಲ ನಿರ್ಧಾರಕ್ಕೆ ನೆರವಾಗುವುದು ಸಮುದ್ರದ ತಳದ ಇಂಥ ಪುರಾವೆ, ನಾಣ್ಯದ ಮೇಲಿನ ಇಸವಿಯಲ್ಲ.

ಮೂರನೇ ಪರೀಕ್ಷೆ: ಗಾಯದ ಗುರುತು

ಇವುಗಳಲ್ಲಿ ಬಹಳಷ್ಟು ಆಭರಣವಾಗಿ ಬದುಕಿದವು. ಕೊಂಡಿ ಬೆಸೆದಿದ್ದನ್ನು ತೆಗೆಸಿ ‘ಶುದ್ಧ’ ನಾಣ್ಯವೆಂದು ಮಾರುವುದು ಮಾಮೂಲು. ಮೇಲಿನ ಅಂಚು, ಗಡಿಯಾರದ ಹನ್ನೆರಡರ ಜಾಗ, ಅಲ್ಲಿಂದ ಶುರುಮಾಡಿ. ಬೆಸುಗೆಯಿದ್ದ ಕಡೆ ಲೋಹ ಕರಗಿ ಹರಿದಂತೆ ನುಣುಪಾಗಿರುತ್ತದೆ, ಬಣ್ಣ ಸುತ್ತಲಿಗಿಂತ ಬಿಳಿಚಿಕೊಂಡಿರುತ್ತದೆ ಅಥವಾ ಕಂದಾಗಿರುತ್ತದೆ. ಅರದಿಂದ ಉಜ್ಜಿದ್ದರೆ ಅಂಚಿನ ಅಡ್ಡಕ್ಕೆ ಸಣ್ಣ ಸಮಾನಾಂತರ ಗೀರು. ಎಂಟು ಮೂಲೆಯದ್ದನ್ನು ಚೌಕಟ್ಟಿನಲ್ಲಿ ಕೂರಿಸಿದ್ದರೆ ಮೂಲೆಗಳು ಮೊಂಡಾಗಿರುತ್ತವೆ. ಎಂಟೂ ಮೂಲೆಗಳನ್ನು ಒಂದೊಂದಾಗಿ ನೋಡಿ. ತೂತು ಮುಚ್ಚಿದ್ದನ್ನು ಕಾಣಲು ನಾಣ್ಯವನ್ನು ಬೆಳಕಿಗೆ ಓರೆ ಹಿಡಿದು ನಿಧಾನ ತಿರುಗಿಸಿ, ಮುಚ್ಚಿದ ಜಾಗದಲ್ಲಿ ಹೊಳಪು ಮುರಿಯುತ್ತದೆ.

ಕನ್ನಡಿಯಂಥ ಮೈ ಕಂಡರೆ ತಟಕ್ಕನೆ ‘ಉಜ್ಜಿದ್ದಾರೆ’ ಎನ್ನಬೇಡಿ. ಎರಡನೇ ಕಾಲಘಟ್ಟದ ಅಚ್ಚುಗಳನ್ನೇ ಉಜ್ಜಿ ಹೊಳಪು ಕೊಟ್ಟದ್ದರಿಂದ ಹಲವು ನಾಣ್ಯಗಳು ಹುಟ್ಟಿನಿಂದಲೇ ಹಾಗೆ. ಗುರುತು ಹಿಡಿಯುವುದು ಹೇಗೆಂದರೆ, ಅಚ್ಚಿನಿಂದ ಬಂದ ಹೊಳಪು ತಗ್ಗಿನ ಬಯಲಿನಲ್ಲಿ ಮಾತ್ರ ಇರುತ್ತದೆ, ಮೂಗು ಕೆನ್ನೆ ಎಲೆ ಮಂಜಾಗಿ ಉಳಿಯುತ್ತವೆ. ಬಟ್ಟೆಯಿಂದ ಉಜ್ಜಿದ್ದಾದರೆ ಕೂದಲಿನಂಥ ಗೀರುಗಳು ಬಯಲಿನಿಂದ ಕೆನ್ನೆಯ ಮೇಲೂ ಹತ್ತಿ ಆಚೆ ಇಳಿಯುತ್ತವೆ.

ಬಾಗಿದ ನಾಣ್ಯವನ್ನು ನೇರ ಮಾಡಲು ಹೋಗಬೇಡಿ. ಚಿನ್ನ ಮೆದು ನಿಜ, ಆದರೆ ಬಾಗಿದ ಗೆರೆ ಗಟ್ಟಿಯಾಗಿರುತ್ತದೆ. ಎರಡನೇ ಸಲ ಮಡಚಿದಾಗ ಅಲ್ಲೇ ಸೀಳುತ್ತದೆ.

ಕೊನೆಯ ಪರೀಕ್ಷೆ: ತೂಕ ಮತ್ತು ನೀರು

ಒರೆಗಲ್ಲಿಗೆ ಉಜ್ಜಬಾರದು, ಆಮ್ಲ ಹಾಕಬಾರದು. ಕಾಲು ಗ್ರಾಂ ನಾಣ್ಯದಲ್ಲಿ ಒಂದು ಒರೆ ಎಂದರೆ ಒಂದು ಮೂಲೆ ಹೋದಂತೆ. ಆಭರಣದಂಗಡಿಯಲ್ಲಿ ಕ್ಯಾರೆಟ್ ನೋಡುವ ಎಕ್ಸ್-ಕಿರಣದ ಯಂತ್ರವಿದ್ದರೆ ಅದಕ್ಕೆ ತೊಂದರೆಯಿಲ್ಲ, ಆದರೆ ಅದು ಹೇಳುವುದು ಮೇಲ್ಮೈಯ ಮಾತು. ಚಿನ್ನದ ನೀರಿನ ಲೇಪ ದಪ್ಪವಿದ್ದರೆ ಹಿತ್ತಾಳೆಯೂ ಪಾಸಾಗಬಹುದು.

ಒಳಗಿನದನ್ನು ತಿಳಿಯಲು ನೀರಿನ ಸಾಂದ್ರತೆ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಬಾಟಲಿಯ ಮುಚ್ಚಳದಂಥ ಹಗುರ ಪಾತ್ರೆಗೆ ಬಟ್ಟಿಯಿಳಿಸಿದ ನೀರು ಹಾಕಿ ಮಿಲಿಗ್ರಾಂ ತಕ್ಕಡಿಯ ಮೇಲಿಡಿ. ನೀರು ಸೇರಿ ಒಟ್ಟು ತೂಕ ತಕ್ಕಡಿಯ ಮಿತಿ ದಾಟಬಾರದು. ಪಾತ್ರೆ ತೊಳೆಯುವ ದ್ರವದ ಒಂದೇ ಒಂದು ಹನಿ ಸೇರಿಸಿ, ಗುಳ್ಳೆ ಅಂಟುವುದಿಲ್ಲ. ಕೂದಲಿನಷ್ಟು ತೆಳ್ಳಗಿನ ನೈಲಾನ್ ಎಳೆಯ ತುದಿಗೆ ಸಣ್ಣ ಕುಣಿಕೆ ಮಾಡಿ, ಬರೀ ಕುಣಿಕೆಯನ್ನು ನೀರಿಗೆ ಇಳಿಸಿ ತಕ್ಕಡಿಯನ್ನು ಸೊನ್ನೆಗೆ ತನ್ನಿ. ಕುಣಿಕೆಯನ್ನು ಎತ್ತಿ, ಮೊದಲೇ ಒಣ ತೂಕ ನೋಡಿಟ್ಟ ನಾಣ್ಯವನ್ನು ಕೂರಿಸಿ, ಅಷ್ಟೇ ಆಳಕ್ಕೆ ಮುಳುಗಿಸಿ. ತಳಕ್ಕಾಗಲಿ ಬದಿಗಾಗಲಿ ತಾಗಬಾರದು. ಈಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ.

0.250 ಗ್ರಾಂ ನಾಣ್ಯ ಮುಕ್ಕಾಲು ಪಾಲು ಚಿನ್ನ, ಉಳಿದದ್ದು ಬೆಳ್ಳಿ ತಾಮ್ರ ಎಂದಿಟ್ಟುಕೊಳ್ಳಿ. ಸಾಂದ್ರತೆ 15.5ರ ಸುತ್ತಮುತ್ತ, ತಕ್ಕಡಿ 16 ಮಿಲಿಗ್ರಾಂ ತೋರಿಸುತ್ತದೆ. ಒಂದು ಮಿಲಿಗ್ರಾಂ ಹೆಚ್ಚಾಗಿ 17 ಬಂದರೆ ಉತ್ತರ 14.7ಕ್ಕೆ ಇಳಿಯುತ್ತದೆ, 15 ಬಂದರೆ 16.7ಕ್ಕೆ ಏರುತ್ತದೆ. ಅಂದರೆ ಕಾಲು ಡಾಲರ್‌ನ ಕ್ಯಾರೆಟ್ ಇಷ್ಟೇ ಎಂದು ಈ ವಿಧಾನದಿಂದ ಹೇಳಲಾಗದು. ಆದರೆ ಅದೇ ತೂಕದ ಹಿತ್ತಾಳೆ 29 ಮಿಲಿಗ್ರಾಂ, ಬೆಳ್ಳಿ 24 ಮಿಲಿಗ್ರಾಂ ತೋರಿಸುತ್ತದೆ. ಆ ವ್ಯತ್ಯಾಸ ತಪ್ಪಿಹೋಗುವಷ್ಟು ಚಿಕ್ಕದಲ್ಲ. ಅರ್ಧ ಡಾಲರ್‌ಗೆ ತೂಕ ಇಮ್ಮಡಿಯಾದ ಕಾರಣ ತಪ್ಪಿನ ಪಾಲು ಅರ್ಧವಾಗುತ್ತದೆ.

ಅಂಕಿ ನಿಲ್ಲದೆ ಜಾರುತ್ತಿದ್ದರೆ ಫ್ಯಾನ್ ನೋಡಿ. ನಮ್ಮ ಮನೆಗಳಲ್ಲಿ ಈ ಪರೀಕ್ಷೆ ಕೆಡುವುದು ಬಹುತೇಕ ಅದರಿಂದಲೇ: ಗಾಳಿ ತಕ್ಕಡಿಯನ್ನೂ ಅಲ್ಲಾಡಿಸುತ್ತದೆ, ನೀರನ್ನೂ ಆರಿಸುತ್ತದೆ. ಫ್ಯಾನ್ ಆರಿಸಿದರೂ ನೀರು ಕೊಂಚಕೊಂಚ ಆವಿಯಾಗುತ್ತಲೇ ಇರುತ್ತದೆ, ಆದ್ದರಿಂದ ಮುಳುಗಿಸಿದ ಹತ್ತು ಸೆಕೆಂಡಿನೊಳಗೆ ಓದಿಕೊಳ್ಳಿ, ಪ್ರತಿ ಸಲವೂ ಹೊಸದಾಗಿ ಸೊನ್ನೆ ಮಾಡಿ. ಐದು ಸಲ ಮಾಡಿ ಸರಾಸರಿ ತೆಗೆಯಿರಿ. ಉತ್ತರ ಅನುಮಾನಾಸ್ಪದವಾಗಿ ಕಡಿಮೆ ಬಂದರೆ ನಾಣ್ಯದ ಕೆಳಗೆ ಗುಳ್ಳೆ ಅಂಟಿದೆಯೇ ಮೊದಲು ನೋಡಿ.

ಮತ್ತೊಮ್ಮೆ ಹೇಳಬೇಕು: ಇದರಲ್ಲಿ ಸೋತ ತುಂಡು ಖಂಡಿತ ನಕಲಿ; ಗೆದ್ದ ತುಂಡು ಚಿನ್ನ, ಅಷ್ಟೇ.

ಕೊಳ್ಳುವಾಗ

ಮೊದಲ ಎರಡು ಮೂರು ತುಂಡುಗಳನ್ನು ಪಿಸಿಜಿಎಸ್ ಅಥವಾ ಎನ್‌ಜಿಸಿ ಸಂಸ್ಥೆಯ ಮೊಹರಾದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲೇ ಕೊಳ್ಳಿ. ಚೀಟಿಯ ಮೇಲೆ ಬಿಜಿ ಸಂಖ್ಯೆ ಇರುತ್ತದೆ. ಪೆಟ್ಟಿಗೆಯೂ ನಕಲಿಯಾಗಬಹುದು, ಆದ್ದರಿಂದ ಪ್ರಮಾಣಪತ್ರದ ಸಂಖ್ಯೆಯನ್ನು ಸಂಸ್ಥೆಯ ತಾಣದಲ್ಲಿ ಹಾಕಿ, ಅಲ್ಲಿ ಚಿತ್ರವಿದ್ದರೆ ಗೀರಿಗೆ ಗೀರು ಹೋಲಿಸಿ. ಚೀಟಿಯಲ್ಲಿ ದರ್ಜೆಯ ಅಂಕಿಯ ಬದಲು ‘ಡೀಟೇಲ್ಸ್’ ಎಂದಿದ್ದರೆ ನಾಣ್ಯ ಅಸಲಿ, ಆದರೆ ಉಜ್ಜಿದ್ದೋ ಬೆಸುಗೆಯದೋ ಬಾಗಿದ್ದೋ ಏನೋ ಒಂದು ಊನವಿದೆ. ಕಡಿಮೆ ಹಣದಲ್ಲಿ ವಿರಳ ಅಚ್ಚು ಬೇಕೆನ್ನುವವರಿಗೆ ಇದು ಒಳ್ಳೆಯ ದಾರಿಯೇ. ಮಾರುವಾಗ ಅದೇ ರಿಯಾಯಿತಿ ನೀವೂ ಕೊಡಬೇಕಾಗುತ್ತದೆ ಎಂಬುದು ನೆನಪಿರಲಿ.

ವಿರಳತೆಯನ್ನು ಆರ್ ಅಕ್ಷರದ ಮುಂದೆ ಒಂದರಿಂದ ಎಂಟರ ವರೆಗಿನ ಅಂಕಿಯಿಂದ ಹೇಳುತ್ತಾರೆ. ಆರ್-4 ಎಂದರೆ 76ರಿಂದ 200 ತುಂಡು ಉಳಿದಿವೆ ಎಂಬ ಅಂದಾಜು, ಆರ್-5 ಎಂದರೆ 31ರಿಂದ 75, ಆರ್-6 ಎಂದರೆ 13ರಿಂದ 30, ಆರ್-7 ಎಂದರೆ 4ರಿಂದ 12. ಬೇರೆ ನಾಣ್ಯಗಳಲ್ಲಿ 30 ತುಂಡು ಮಾತ್ರ ಉಳಿದಿದ್ದರೆ ಬೆಲೆ ಆಕಾಶಕ್ಕೆ ಹೋಗುತ್ತದೆ. ಇಲ್ಲಿ ಹೋಗುವುದಿಲ್ಲ, ಏಕೆಂದರೆ ಅಚ್ಚು ಅಚ್ಚಾಗಿ ಸೇರಿಸುವವರು ಕಡಿಮೆ. ಆರ್-6 ಎಂದು ಕೂಗಿ ಬೆಲೆ ಏರಿಸುವವನ ಮುಂದೆ ಅದೇ ಬಿಜಿ ಸಂಖ್ಯೆಯ ಹಿಂದಿನ ಹರಾಜಿನ ಮೂರು ಬೆಲೆಗಳನ್ನಿಡಿ. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಶೇ 20 ಅಥವಾ ಅದಕ್ಕಿಂತ ಹೆಚ್ಚು ಖರೀದಿದಾರನ ಶುಲ್ಕ ಬೀಳುವುದು ಸಾಮಾನ್ಯ. ಅದನ್ನು ಮೊದಲೇ ಕಳೆದು ನಿಮ್ಮ ಮಿತಿ ಬರೆದಿಟ್ಟುಕೊಳ್ಳಿ.

ಚಿನ್ನದ ದರ ಏರಿತೆಂದು ಇವುಗಳ ಬೆಲೆ ಏರುವುದಿಲ್ಲ. ಕಾಲು ಡಾಲರ್‌ನಲ್ಲಿರುವ ಶುದ್ಧ ಚಿನ್ನ ಸುಮಾರು 0.2 ಗ್ರಾಂ ಅಷ್ಟೇ. ಹೂಡಿಕೆಗೆಂದು ಕೊಳ್ಳುವವರು ಬೇರೆ ಏನಾದರೂ ನೋಡಿಕೊಳ್ಳುವುದು ಒಳಿತು.

ಕ್ಯಾಲಿಫೋರ್ನಿಯದಲ್ಲಿ ನೆಲೆಸಿರುವ ಕನ್ನಡಿಗರಿಗೆ ಕೈಗೆಟಕುವ ಅನುಕೂಲವಿದೆ: ಸ್ಥಳೀಯ ನಾಣ್ಯಮೇಳಗಳಲ್ಲಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು, ಕೊಲೋಮಾದ ಉದ್ಯಾನವನ್ನೂ ನೋಡಿಬರಬಹುದು. ಆದರೆ ಅಂಥ ಪ್ರವಾಸಿ ತಾಣಗಳ ಅಂಗಡಿಯಲ್ಲಿ ಸಿಗುವ ಪುಟ್ಟ ‘ನಾಣ್ಯ’ಗಳು ಕರಡಿ ಜಾತಿಯವು.

ಭಾರತಕ್ಕೆ ತರುವವರು ಒಂದು ವಿಷಯ ಮೊದಲೇ ಯೋಚಿಸಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ ನೂರು ವರ್ಷ ದಾಟಿದ ನಾಣ್ಯವನ್ನು ಪ್ರಾಚ್ಯವಸ್ತುವಿನ ವ್ಯಾಖ್ಯೆಗೆ ಸೇರಿಸುತ್ತದೆ, ಪ್ರಾಚ್ಯವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಒಳಗೆ ತಂದದ್ದನ್ನು ನಾಳೆ ಅಮೆರಿಕದ ಹರಾಜಿಗೆ ಕಳಿಸಿ ಮಾರುತ್ತೇನೆ ಎಂಬ ಲೆಕ್ಕ ಇಲ್ಲಿ ಕೈಕೊಡಬಹುದು. ಚಿನ್ನದ ಮೇಲಿನ ಸುಂಕವೂ ಕಾಲಕಾಲಕ್ಕೆ ಬದಲಾಗುತ್ತದೆ. ತರುವ ಮುನ್ನ ಕಸ್ಟಮ್ಸ್ ವ್ಯವಹಾರ ಬಲ್ಲವರನ್ನು ಕೇಳಿ, ರಸೀದಿಯನ್ನು ನಾಣ್ಯದ ಜೊತೆಗೇ ಇಡಿ.

ಇಟ್ಟುಕೊಳ್ಳುವ ಬಗೆ

ಪೆಟ್ಟಿಗೆಯಲ್ಲಿರುವುದು ಪೆಟ್ಟಿಗೆಯಲ್ಲೇ ಇರಲಿ. ಬಿಡಿಯಾದವುಗಳಿಗೆ ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಸಣ್ಣ ಚೀಲ ಅಥವಾ ಅಳತೆಗೆ ಸರಿಯಾದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ತನ್ನಿ. ಮೆತ್ತಗಿನ ಪಿವಿಸಿ ಚೀಲ ಬೇಡ. ಕೆಲವು ವರ್ಷಕ್ಕೆ ಅದು ಅಂಟಂಟು ಬಿಟ್ಟು, ಮಿಶ್ರಲೋಹದ ತಾಮ್ರ ಹಸಿರಾಗುತ್ತದೆ. ರಟ್ಟಿನ ಚೌಕಟ್ಟಿಗೆ ಸ್ಟೇಪ್ಲರ್ ಹೊಡೆಯುವ ಪದ್ಧತಿ ದಪ್ಪ ನಾಣ್ಯಕ್ಕೆ ಸರಿ, 0.2 ಮಿಲಿಮೀಟರ್ ದಪ್ಪದ್ದಕ್ಕೆ ಅಲ್ಲ: ಒಂದು ಪಿನ್ನು ತಪ್ಪಿ ಬಿದ್ದರೆ ನಾಣ್ಯ ಮಡಚಿಕೊಳ್ಳುತ್ತದೆ. ರಬ್ಬರ್ ಬ್ಯಾಂಡ್‌ನ ಗಂಧಕ ಬೆಳ್ಳಿಯಂಶವನ್ನು ಕಪ್ಪಾಗಿಸುತ್ತದೆ. ಮಳೆಗಾಲಕ್ಕೆ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಣ್ಣ ಬದಲಾದಾಗ ಹೊಸದಿಡಿ.

ಹುಣಸೆಹಣ್ಣು, ಅಂಟುವಾಳ, ಹಲ್ಲುಪುಡಿ, ಅಕ್ಕಸಾಲಿಯ ಬ್ರಷ್ಷು, ಯಾವುದೂ ಹತ್ತಿರ ಬರಬಾರದು. ಅಂಟೋ ಎಣ್ಣೆಯೋ ಇದ್ದರೆ ಶುದ್ಧ ಅಸಿಟೋನ್‌ನಲ್ಲಿ ಐದು ನಿಮಿಷ ಬಿಟ್ಟು, ಎರಡನೇ ಬಟ್ಟಲಿನ ಹೊಸ ಅಸಿಟೋನ್‌ನಲ್ಲಿ ಅದ್ದಿ, ಒರೆಸದೆ ಗಾಳಿಗೆ ಆರಲು ಬಿಡಿ. ಗಾಜಿನ ಬಟ್ಟಲೇ ಆಗಬೇಕು, ಕಿಟಕಿ ತೆರೆದಿರಬೇಕು, ಒಲೆ ದೀಪ ಹತ್ತಿರ ಇರಬಾರದು. ಉಗುರುಬಣ್ಣ ತೆಗೆಯುವ ದ್ರವ ಬಳಸಬೇಡಿ, ಅದರಲ್ಲಿ ಬಣ್ಣ, ಸುಗಂಧ, ಎಣ್ಣೆ ಬೆರೆಸಿರುತ್ತಾರೆ.

ಪ್ರತಿ ನಾಣ್ಯಕ್ಕೂ ಒಂದು ಚೀಟಿ ಬರೆಯಿರಿ: ಬಿಜಿ ಸಂಖ್ಯೆ, ಮಿಲಿಗ್ರಾಂ ವರೆಗಿನ ತೂಕ, ಅಗಲ, ಕೊಂಡ ದಿನ, ಕೊಟ್ಟ ಬೆಲೆ, ಹಿಂದಿನ ಹರಾಜಿನಲ್ಲಿ ಬಂದಿದ್ದರೆ ಅದರ ದಿನಾಂಕ ಮತ್ತು ಲಾಟ್ ಸಂಖ್ಯೆ. ಎರಡೂ ಬದಿಯ ಫೋಟೋ ತೆಗೆದು ಅದೇ ಸಂಖ್ಯೆಯ ಹೆಸರಿನಲ್ಲಿ ಉಳಿಸಿ. ಬೆಳಕು ಎಡ ಮೇಲ್ಭಾಗದಿಂದ ಬೀಳಲಿ, ಆಗ ಉಬ್ಬು ಉಬ್ಬಾಗಿಯೇ ಕಾಣುತ್ತದೆ. ಚೀಟಿ ಬರೆಯಲು ಪೆನ್ಸಿಲ್ ಬಳಸಿ, ಮತ್ತು ಬರೆಯುವ ಹೊತ್ತಿಗೆ ನಾಣ್ಯ ಡಬ್ಬಿಯೊಳಗೆ ಹೋಗಿರಲಿ.